ಸರಪಳಿಯಿಂದ ಮೊಬೈಲಿನವರೆಗೆ: ನಮ್ಮ ಊರ ನಕಾಶೆ ನಡೆದು ಬಂದ ದಾರಿ



ಕಳೆದ ವರ್ಷ ಬೇಸಿಗೆ ಸೂಟಿಯಲ್ಲಿ ನಮ್ಮ ಶಾಲೆಯ ಕಟ್ಟೆಗೆ ಒಂದು ಜಗಳ ಬಂದು ಕುಳಿತಿತು. ಮಿರಜ ತಾಲೂಕಿನ ಪೂರ್ವ ಭಾಗದ ನಮ್ಮ ಹಳ್ಳಿಯಲ್ಲಿ ಇಬ್ಬರು ದಾಯಾದಿಗಳು. ಹೊಲಗಳು ಒಂದಕ್ಕೊಂದು ಹತ್ತಿಕೊಂಡಿವೆ, ನಡುವೆ ಒಂದು ಬಾಂದು, ಬಾಂದಿನ ಬಗಲಿಗೆ ಒಂದು ಹಳೆಯ ಬಾವಿ. ಇಬ್ಬರ ಮಕ್ಕಳೂ ನಮ್ಮ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದುವವರು. ಅವರಲ್ಲಿ ಕಿರಿಯ ಮನೆತನದವರು ಮೊಬೈಲ್ ತಂದು ನಮ್ಮ ಮುಂದೆ ಹಿಡಿದರು.

"ಗುರೂಜಿ, ನೀವು ಕಲ್ತವರದೀರಿ. ಇದನ್ನ ನೋಡಿ ಹೇಳ್ರಿ. ಬಾಂದು ಬಾವಿ ಆಚೆ ಹೋಗೇತಿಲ್ಲೋ? ಅಂದ್ರ ಬಾವಿ ನಮ್ಮ ಪಾಲಿಗಿ ಬಂತಿಲ್ಲೋ?"

ಮೊಬೈಲಿನಲ್ಲಿ ಹೊಲದ ಚಿತ್ರ, ಅದರ ಮೇಲೆ ಹಳದಿ ಗೆರೆ. ಗೆರೆ ನಿಜವಾಗಿಯೂ ಬಾವಿಯ ಆಚೆಗೇ ಇತ್ತು. ನಾವು ಕನ್ನಡಕ ಏರಿಸಿಕೊಂಡು ನೋಡಿ, "ಹೌದು ಕಾಕಾ, ಹಂಗ ಕಾಣಸ್ತೈತಿ" ಎಂದುಬಿಟ್ಟೆವು. ಅಷ್ಟೇ! ಮರುದಿನ ಬಾವಿಯ ಆಚೆ ಅವರು ಕಲ್ಲು ಹುಗಿದರು. ಎರಡು ಮನೆಗಳ ನಡುವೆ ನೀರಿನ ಪಾಳಿ ನಿಂತಿತು. ಜೂನ್‌ನಲ್ಲಿ ಶಾಲೆ ಶುರುವಾದಾಗ ಆ ಎರಡು ಮಕ್ಕಳು ಜೊತೆಯಾಗಿ ಕೂಡುವುದನ್ನು ಬಿಟ್ಟಿದ್ದರು.

ಆ ಗೆರೆ ಎಲ್ಲಿಂದ ಬಂತು, ಯಾರು ಎಳೆದದ್ದು, ಯಾವ ಕಾಲದ್ದು, ಮೊಬೈಲಿನೊಳಗೆ ಹೇಗೆ ಸೇರಿತು... ಯಾವುದನ್ನೂ ತಿಳಿಯದೆ ನಾವು ಬಾಯಿ ಬಿಟ್ಟಿದ್ದೆವು. ತಪ್ಪಾದ ಮೇಲೆ ಓದಿದೆವು, ಕೇಳಿದೆವು. ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಬೇರೆ ಊರಿನ ಯಾವ ಮಾಸ್ತರರೂ ಇಂಥ ತಪ್ಪು ಮಾಡದಿರಲಿ ಎಂಬುದೇ ಉದ್ದೇಶ.

ಸರಪಳಿಯ ಕಾಲ

ನಮ್ಮ ಮುಂಬಯಿ ಪ್ರಾಂತದಲ್ಲಿ ಇಂಗ್ಲಿಷರು ಮಾಡಿದ ಮೊದಲ ದೊಡ್ಡ ಭೂಮಾಪನ ಪುಣೆಯ ಕಡೆ ಪ್ರಿಂಗಲ್ ಎಂಬ ಅಧಿಕಾರಿಯದು. ಅದು ಕೆಟ್ಟಿತು. ಲೆಕ್ಕ ತಪ್ಪಿ ಕಂದಾಯ ಭಾರವಾಯಿತು, ರೈತರು ಹೊಲ ಬಿಟ್ಟು ಹೋದರು. ಆಮೇಲೆ 1835ರಲ್ಲಿ ಇಂದಾಪುರ ತಾಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ಲೆಫ್ಟಿನೆಂಟ್ ವಿಂಗೇಟ್ ಇಬ್ಬರೂ ಹೊಸದಾಗಿ ಅಳೆಯಲು ಶುರು ಮಾಡಿದರು. ಈ ಪದ್ಧತಿ ಗಟ್ಟಿಯಾಗಿ ನಿಂತಿತು. 1840ರ ದಶಕದಲ್ಲಿ ಧಾರವಾಡ, ಬೆಳಗಾವಿಯ ಕಡೆಗೂ ಬಂತು. 1847ರಲ್ಲಿ ಇದರ ನಿಯಮಗಳನ್ನೆಲ್ಲ ಕೂಡಿಸಿ ಜಂಟಿ ವರದಿ ಹೊರಟಿತು. ನಮ್ಮ ಸುತ್ತಲಿನ ಸಂಸ್ಥಾನಗಳಲ್ಲಿಯೂ ಮುಂದೆ ಇದೇ ಮಾದರಿಯ ಮೋಜಣಿ ಬಂತು.

ಅಳೆಯುವ ಸಾಧನ ಕಬ್ಬಿಣದ ಸರಪಳಿ. ಉದ್ದ 33 ಅಡಿ. ಅದಕ್ಕೆ 16 ಭಾಗ. ಒಂದೊಂದು ಭಾಗಕ್ಕೆ ಆಣೆ ಎಂದೇ ಹೆಸರು. ರೂಪಾಯಿಗೆ 16 ಆಣೆ ಇದ್ದಂತೆ ಸರಪಳಿಗೂ 16 ಆಣೆ! ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, ಅಂದರೆ 1089 ಚದರ ಅಡಿ. ಅಂಥ 40 ಗುಂಟೆ ಕೂಡಿದರೆ ಒಂದು ಎಕರೆ. ನಮ್ಮ ಮಕ್ಕಳಿಗೆ ಗಣಿತದಲ್ಲಿ ಇದನ್ನು ಕಲಿಸುತ್ತೇವೆ. ಆದರೆ ಗುಂಟೆ ಎಂಬುದು ಸರಪಳಿಯ ಚೌಕ ಎಂದು ನಮಗೆ ಟಿ.ಸಿ.ಎಚ್. ಓದುವಾಗ ಯಾರೂ ಹೇಳಿರಲಿಲ್ಲ.

ಹೊಲದಲ್ಲಿ ನಿಂತು ಅಳೆದದ್ದನ್ನು ಅಂಕಿಯಲ್ಲಿ ಬರೆದಿಡುವ ಕಾಗದಕ್ಕೆ ನಾವು ಟಿಪ್ಪಣಿ ಎನ್ನುತ್ತೇವೆ, ಮರಾಠಿಯಲ್ಲಿ ಟಿಪಣ. ಈ ಅಂಕಿಗಳ ಆಧಾರದ ಮೇಲೆ ಇಡೀ ಊರಿನ ನಕಾಶೆ ತಯಾರಾಗುತ್ತಿತ್ತು. ಸಾಮಾನ್ಯವಾಗಿ ನಕಾಶೆಯ ಒಂದು ಇಂಚಿಗೆ ನೆಲದ ಮೇಲೆ 20 ಸರಪಳಿ, ಅಂದರೆ 660 ಅಡಿ, ಒಂದು ಫರ್ಲಾಂಗು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡೋಣ. ಈ ಪ್ರಮಾಣದಲ್ಲಿ ಕಾಗದದ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಸುಮಾರು 8 ಮೀಟರ್. ಕರಡು ಬರೆಯುವವನು ಟಾಕಿನಿಂದ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದನೆಂದು ಇಟ್ಟುಕೊಳ್ಳಿ. ಆ ಗೆರೆಯೊಂದೇ ನೆಲದ ಮೇಲೆ 4 ಮೀಟರ್, ಅಂದರೆ 13 ಅಡಿ ಅಗಲ! ಅದರ ಮೇಲೆ ಕಾಗದ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮಡಿಕೆಯಲ್ಲಿ ಹರಿಯುತ್ತದೆ. ಆಗಿನವರಿಗೆ ಇದು ಗೊತ್ತಿತ್ತು. ಆದ್ದರಿಂದ ಬಾಂದಿನ ತಂಟೆ ಬಂದರೆ ಅವರು ನಕಾಶೆಯ ಗೆರೆಯನ್ನು ಅಳೆಯುತ್ತಿರಲಿಲ್ಲ. ಟಿಪ್ಪಣಿಯ ಅಂಕಿ ತೆಗೆದು, ಗಡಿಕಲ್ಲಿನಿಂದ ಸರಪಳಿ ಹಿಡಿಯುತ್ತಿದ್ದರು. ಊರಲ್ಲಿ ಯಾವ ಹೊಲ ಎಲ್ಲಿದೆ ಎಂದು ಗುರುತು ಹಿಡಿಯಲು ನಕಾಶೆ ಬೇಕಾಗುತ್ತಿತ್ತು.

ಎರಡು ಮಿರಜ, ಒಂದು ಸಾಂಗಲಿ

ಆ ಕಾಲದ ನಮ್ಮ ಭಾಗದ ನಕಾಶೆ ನೋಡಿದರೆ ಕೌದಿ ನೆನಪಾಗುತ್ತದೆ. ಪಟವರ್ಧನ ಮನೆತನದ ಮಿರಜದಿಂದ 1801ರಲ್ಲಿ ಸಾಂಗಲಿ ಬೇರೆಯಾಯಿತು. ಉಳಿದ ಮಿರಜ 1820ರಲ್ಲಿ ಒಡೆದು ಮುಂದೆ ಹಿರಿಯ ಮಿರಜ, ಕಿರಿಯ ಮಿರಜ ಎಂದು ಎರಡಾಯಿತು. ಈ ಸಂಸ್ಥಾನಗಳ ನೆಲ ಒಂದೇ ಕಡೆ ಇರಲಿಲ್ಲ. ಇಂದಿನ ಗದಗ ಜಿಲ್ಲೆಯ ಶಿರಹಟ್ಟಿ, ಬಾಗಲಕೋಟ ಜಿಲ್ಲೆಯ ತೇರದಾಳ, ಬೆಳಗಾವಿಗೆ ಹತ್ತಿದ ಶಹಾಪುರ ಇವೆಲ್ಲ ಸಾಂಗಲಿಗೆ ಸೇರಿದ್ದವು. ಲಕ್ಷ್ಮೇಶ್ವರ ಹಿರಿಯ ಮಿರಜಕ್ಕೆ, ಗುಡಗೇರಿ ಕಿರಿಯ ಮಿರಜಕ್ಕೆ. ಪಂಪನ ಹೆಸರಿನೊಂದಿಗೆ ಹೇಳುವ ಪುಲಿಗೆರೆ ಎಂದರೆ ಇದೇ ಲಕ್ಷ್ಮೇಶ್ವರ. ಅದರ ಕಾರಭಾರ ನಮ್ಮ ಮಿರಜದಿಂದ ನಡೆಯುತ್ತಿತ್ತು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ.

1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ಹುಟ್ಟಿತು. 1956ರಲ್ಲಿ ಭಾಷಾವಾರು ಪ್ರಾಂತಗಳಾದವು. 1960ರಲ್ಲಿ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂತು. ಶಿರಹಟ್ಟಿ, ಲಕ್ಷ್ಮೇಶ್ವರದ ಕಾಗದಪತ್ರ ಆ ಕಡೆ ಹೋದವು, ನಮ್ಮವು ಈ ಕಡೆ ಉಳಿದವು. ಅಂದರೆ ಹನ್ನೆರಡು ವರ್ಷದಲ್ಲಿ ಮೂರು ಸಲ ನಕಾಶೆಯ ಬಣ್ಣ ಬದಲಾಯಿತು. ಕೆಳಗಿನ ಬಾಂದು ಮಾತ್ರ ಇದ್ದಲ್ಲೇ ಇತ್ತು.

ಇದರ ನಡುವೆ ಇನ್ನೊಂದು ಬದಲಾವಣೆ ಬಂತು. ಚೂರು ಚೂರಾದ ಹೊಲಗಳನ್ನು ಕೂಡಿಸಲು ಮುಂಬಯಿ ಸರಕಾರ 1947ರಲ್ಲಿ ಒಂದು ಕಾಯದೆ ಮಾಡಿತು. ಆ ಯೋಜನೆ ಜಾರಿಯಾದ ಹಳ್ಳಿಗಳಲ್ಲಿ ಹಳೆಯ ಸರ್ವೆ ನಂಬರ ಹೋಗಿ ಗಟ್ ನಂಬರ ಬಂತು. ಆದ್ದರಿಂದ ನಮ್ಮ ಕಡೆ ಅಜ್ಜನ ಕಾಗದದ ನಂಬರಿಗೂ ಇಂದಿನ ಸಾತ್‌ಬಾರಾ ಉತಾರಾದ ನಂಬರಿಗೂ ತಾಳೆ ಬೀಳುವುದಿಲ್ಲ. ಹಾಗಾದರೆ ಹೊಲದ ಗುರುತು ಯಾವುದು? ಜನ ನಂಬರ ಹೇಳುವುದಿಲ್ಲ. "ಹುಣಸಿಮರದ ಹೊಲ", "ಹಳ್ಳದ ದಂಡಿ", "ಎರಿ ಪಟ್ಟಿ", "ಮಡ್ಡಿ" ಎನ್ನುತ್ತಾರೆ. ಈ ಹೆಸರುಗಳು ಇಂದಿಗೂ ಬಾಯಲ್ಲಿವೆ, ನಕಾಶೆಯಲ್ಲಿಲ್ಲ.

ಎವರೆಸ್ಟ್ ಸಾಹೇಬರ ಭೂಮಿ

ಹೊಲ ಅಳೆಯುವ ಕೆಲಸದ ಪಕ್ಕದಲ್ಲಿ ದೇಶ ಅಳೆಯುವ ಕೆಲಸವೂ ನಡೆದಿತ್ತು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಹತ್ತಿರ ಮೊದಲ ಆಧಾರರೇಖೆ ಅಳೆದು ತ್ರಿಕೋನಗಳ ಮೇಲೆ ತ್ರಿಕೋನ ಹೂಡುತ್ತ ಉತ್ತರಕ್ಕೆ ಹೊರಟ. ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ಬೆಟ್ಟದಿಂದ ಬೆಟ್ಟಕ್ಕೆ, ಗೋಪುರದಿಂದ ಗೋಪುರಕ್ಕೆ ಹೊತ್ತು ಏರಿಸುತ್ತಿದ್ದರು. 1823ರಲ್ಲಿ ಇದೇ ಕೆಲಸದಲ್ಲಿದ್ದಾಗ ಇಂದಿನ ಮಹಾರಾಷ್ಟ್ರದ ಹಿಂಗಣಘಾಟದಲ್ಲಿ ಆತ ತೀರಿಕೊಂಡ. ಕೆಲಸ ಮುಂದುವರಿಸಿದವರು ಜಾರ್ಜ್ ಎವರೆಸ್ಟ್.

ಭೂಮಿ ಪೂರ್ಣ ಗೋಲವಲ್ಲ, ಧ್ರುವಗಳಲ್ಲಿ ತುಸು ಚಪ್ಪಟೆ. ಎಷ್ಟು ಚಪ್ಪಟೆ ಎಂದು ಲೆಕ್ಕ ಹಾಕದೆ ಅಕ್ಷಾಂಶ ರೇಖಾಂಶ ಬರೆಯಲು ಬರುವುದಿಲ್ಲ. 1830ರಲ್ಲಿ ಎವರೆಸ್ಟ್ ಒಂದು ಲೆಕ್ಕ ಕೊಟ್ಟರು. ಭಾರತದ ನಕಾಶೆಗಳೆಲ್ಲ ಮುಂದೆ ಅದರ ಮೇಲೆಯೇ ನಿಂತವು. ಭಾರತೀಯ ಸರ್ವೇಕ್ಷಣ ಇಲಾಖೆಯ ಹಾಳೆಗಳಲ್ಲಿ ಸಾಂಗಲಿ ಮತ್ತು ಮಿರಜ ಎರಡೂ ಒಂದೇ ಹಾಳೆಯಲ್ಲಿ ಬರುತ್ತವೆ. ಅದರ ನಂಬರ 47 ಎಲ್/9. ಜತ್ತ ಪಟ್ಟಣಕ್ಕೆ ಹೋದರೆ ಅದು 47 ಓ ಎಂಬ ಬೇರೆ ಹಾಳೆಯ ಭಾಗ.

ಈಗಿನ ಜಿಪಿಎಸ್ ಎವರೆಸ್ಟರ ಲೆಕ್ಕವನ್ನು ಬಳಸುವುದಿಲ್ಲ. ಉಪಗ್ರಹಗಳಿಗಾಗಿ ಇಡೀ ಭೂಮಿಗೆ ಹೊಂದುವ ಬೇರೆ ಲೆಕ್ಕ ಮಾಡಿದ್ದಾರೆ, ಅದಕ್ಕೆ ಡಬ್ಲ್ಯೂಜಿಎಸ್ 84 ಎಂದು ಹೆಸರು. ಆದ್ದರಿಂದ ಹಳೆಯ ಹಾಳೆಯ ಅಕ್ಷಾಂಶ ರೇಖಾಂಶವನ್ನು ಹಾಗೆಯೇ ಮೊಬೈಲಿಗೆ ಹಾಕಿದರೆ ನಮ್ಮ ಭಾಗದಲ್ಲಿ ಗುರುತು ನೂರು ಮೀಟರಿಗೂ ಹೆಚ್ಚು ಸರಿದು ಬೀಳುತ್ತದೆ. ಸಾಂಗಲಿಯ ಘಾಟಿನ ಮೇಲಿನ ಗುಡಿ ಕೃಷ್ಣೆಯ ನೀರಿನಲ್ಲಿ ನಿಂತಂತೆ ಕಾಣಬಹುದು! ನಕಾಶೆಯೂ ತಪ್ಪಲ್ಲ, ಮೊಬೈಲೂ ತಪ್ಪಲ್ಲ, ಎರಡರ ಲೆಕ್ಕ ಬೇರೆ. 2005ರ ರಾಷ್ಟ್ರೀಯ ನಕಾಶೆ ನೀತಿಯ ನಂತರ ಸರ್ವೇಕ್ಷಣ ಇಲಾಖೆ ಜನರಿಗಾಗಿ ಹೊಸ ಲೆಕ್ಕದ ಹಾಳೆಗಳನ್ನು ಬೇರೆಯಾಗಿ ತಯಾರಿಸಿತು. 2017ರಲ್ಲಿ ಅವುಗಳನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುವ ಅನುಕೂಲವೂ ಆಯಿತು. ಅಲ್ಲಿಯವರೆಗೆ ಇಂಥ ಒಂದು ಹಾಳೆ ಶಾಲೆಯ ಗೋಡೆಗೆ ಬೇಕೆಂದರೆ ಸುಲಭದ ಮಾತಾಗಿರಲಿಲ್ಲ.

ಅಂಗೈಗೆ ಬಂದ ನಕಾಶೆ

ಜಿಪಿಎಸ್ ಅಮೆರಿಕದ ಸೈನ್ಯದ್ದು. ಸಾಮಾನ್ಯರ ಯಂತ್ರಕ್ಕೆ ಬೇಕೆಂದೇ ತಪ್ಪು ಬೆರೆಸಿ ಕೊಡುತ್ತಿದ್ದರು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಅಂದಿನಿಂದಲೇ ಕೈಯಲ್ಲಿ ಹಿಡಿಯುವ ನಕಾಶೆ ಯಂತ್ರಗಳಿಗೆ ಬೆಲೆ ಬಂತು.

ಅದೇ ಸಮಯದಲ್ಲಿ ಬೆಂಗಳೂರಿನಲ್ಲಿ ಒಂದು ಪ್ರಯೋಗ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಕಂಪನಿಯವರು ಕೂಡಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ರೂಪಿಸಿದರು. ಬಡವರೂ ಓದು ಬಾರದವರೂ ಬಳಸಬೇಕು, ದೇಶಭಾಷೆಯಲ್ಲಿ ಮಾತಾಡಬೇಕು ಎಂಬ ಕನಸು ಅವರದು. ಕರ್ನಾಟಕ ಸರಕಾರ ಭೂದಾಖಲೆಯ ಕೆಲಸಕ್ಕೆ ಅದನ್ನು ಬಳಸಿಯೂ ನೋಡಿತು. ಆಗ ಅಲ್ಲಿ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು. ಸಿಂಪ್ಯೂಟರ್ ಮಾತ್ರ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಅದರ ಕನಸನ್ನು ಕೆಲವೇ ವರ್ಷಗಳಲ್ಲಿ ಮೊಬೈಲುಗಳು ನನಸು ಮಾಡಿದವು. ಭೂಮಿಯ ಪಹಣಿಗಳು ಉಳಿದವು. ಯಂತ್ರ ಹೋಯಿತು, ಬರೆದಿಟ್ಟದ್ದು ಉಳಿಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2004ರಲ್ಲಿ ಇಂಗ್ಲೆಂಡಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಶುರುವಾಯಿತು. ಯಾರು ಬೇಕಾದರೂ ತಮ್ಮ ಊರನ್ನು ಬರೆಯಬಹುದಾದ ಜಗತ್ತಿನ ನಕಾಶೆ. 2008ರಲ್ಲಿ ಗೂಗಲ್ ಕೂಡ ಮ್ಯಾಪ್ ಮೇಕರ್ ಎಂದು ಅಂಥದ್ದೇ ತೆಗೆಯಿತು, ಅದರ ಕೆಲಸ ನಡೆದದ್ದು ಭಾರತದ ಎಂಜಿನಿಯರರ ಕೈಯಲ್ಲಿ. 2009ರಲ್ಲಿ ಇಸ್ರೋದ ಭುವನ್ ಬಂತು. ಮ್ಯಾಪ್ ಮೇಕರ್ 2017ರಲ್ಲಿ ಮುಚ್ಚಿತು.

ನಾವು ಸ್ಮಾರ್ಟ್‌ಫೋನ್ ಕೊಂಡದ್ದು 2013ರಲ್ಲಿ. ಆಗ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಆದ್ದರಿಂದ ನಕಾಶೆಯನ್ನು ಮೊದಲೇ ಮೆಮರಿ ಕಾರ್ಡಿಗೆ ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ನೋಡುವ ಒಂದು ಆ್ಯಪ್ ಹಾಕಿಸಿಕೊಂಡೆವು. ಶಾಲೆಗೆ ಬಾರದ ಮಕ್ಕಳನ್ನು ಕರೆತರಲು ತೋಟದ ವಸ್ತಿಗಳಿಗೆ ಹೋಗುವಾಗ ಒಂದೊಂದು ಮನೆ, ಬಾವಿ, ಗುಡಿ, ಹಳ್ಳ ದಾಟುವ ಜಾಗ ಎಲ್ಲವನ್ನೂ ಅದರಲ್ಲಿ ಗುರುತು ಮಾಡುತ್ತ ಹೋದೆವು. ಆರು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಗುರುತುಗಳಾದವು. ಎಲ್ಲ ಕನ್ನಡದಲ್ಲಿ.

ನೆರೆ ಕಲಿಸಿದ ಪಾಠ

2019ರ ಆಗಸ್ಟ್ ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ಸಾಂಗಲಿಯ ಆಯರ್ವಿನ್ ಪೂಲು 1929ರದು. ಕೃಷ್ಣೆಯ ಏರಿಳಿತವನ್ನು ಊರವರು ಆ ಪೂಲಿನ ಅಡಿಗಳಲ್ಲೇ ಹೇಳುತ್ತಾರೆ. 40 ಅಡಿಗೆ ಎಚ್ಚರಿಕೆ, 45 ಅಡಿಗೆ ಅಪಾಯ. ಆ ಸಲ ನೀರು 57 ಅಡಿ ದಾಟಿತು. 2005ರ ನೆರೆಯ ಗುರುತೂ ಮುಳುಗಿಹೋಯಿತು. ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ದೋಣಿ ಮಗುಚಿ ಹಲವರು ಜೀವ ಕಳೆದುಕೊಂಡರು.

ನಾವು ಮಿರಜದ ಒಂದು ನಿರಾಶ್ರಿತರ ಕೇಂದ್ರದಲ್ಲಿ ಕೆಲಸಕ್ಕಿದ್ದೆವು. ಒಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಮದುವೆಯಾಗಿ ಸಾಂಗಲಿಯಲ್ಲಿದ್ದಳು, ಅತ್ತೆ ಹಾಗೂ ಸಣ್ಣ ಕೂಸಿನೊಂದಿಗೆ ಮಾಳಿಗೆಯ ಮೇಲೆ ಸಿಕ್ಕಿಬಿದ್ದಿದ್ದಳು. "ಗುರೂಜಿ, ದೋಣಿಯವರು ಹುಡಕಾಕ ಹತ್ಯಾರ, ಮನಿ ಸಿಗವಲ್ದಂತ" ಎಂದಳು. ಅಷ್ಟರಲ್ಲಿ ಫೋನ್ ಕಟ್ಟಾಯಿತು. ದೋಣಿಯವರು ಹೊರಗಿನಿಂದ ಬಂದವರು. ಕರೆಂಟಿಲ್ಲ, ಟವರ್ ಬಿದ್ದಿದೆ, ಅವರ ಮೊಬೈಲಿನ ನಕಾಶೆ ಬಿಳಿ ಹಾಳೆಯಂತೆ ಖಾಲಿ. ನಮ್ಮ ಹಳೆ ಮೊಬೈಲಿನಲ್ಲಿ ಮಾತ್ರ ಇಳಿಸಿಟ್ಟ ನಕಾಶೆ ಇತ್ತು! ಅದನ್ನೇ ಅವರಿಗೆ ಕಳಿಸಿದೆವು. ಗಲ್ಲಿ ಸಿಕ್ಕಿತು. ಆದರೆ ಅವಳ ಮನೆಯಿದ್ದ ಹೊಸ ಬಡಾವಣೆ ಆ ಹಳೆ ನಕಾಶೆಯಲ್ಲಿ ಇರಲೇ ಇಲ್ಲ. ಅಲ್ಲಿ ಬರೀ ಹೊಲ ತೋರಿಸುತ್ತಿತ್ತು. ಕೊನೆಗೆ ಆ ಓಣಿಯ ಹಾಲಿನ ಹುಡುಗನೊಬ್ಬ ದೋಣಿಯಲ್ಲಿ ಕುಳಿತು ದಾರಿ ತೋರಿಸಿದ. ರಾತ್ರಿ ಹತ್ತಕ್ಕೆ ಮೂವರೂ ಸುರಕ್ಷಿತವಾಗಿ ಬಂದರು.

ಅಂದು ನಮಗೆ ಎರಡು ಸಂಗತಿ ತಿಳಿದವು. ನೆಟ್ ಇಲ್ಲದೆ ನಡೆಯುವ ನಕಾಶೆ ಆಪತ್ತಿನಲ್ಲಿ ಬಂಗಾರ. ಆದರೆ ಅದನ್ನು ಕಾಲಕಾಲಕ್ಕೆ ಹೊಸದು ಮಾಡದಿದ್ದರೆ ಅದು ಅರ್ಧ ದಾರಿಯಲ್ಲಿ ಕೈ ಬಿಡುತ್ತದೆ.

ಹಳೆಯ ಆ್ಯಪ್ ಹೊಸ ಫೋನಿನಲ್ಲಿ ಏಕೆ ಓಡುವುದಿಲ್ಲ?

2021ರಲ್ಲಿ ಮತ್ತೆ ನೆರೆ ಬಂತು. ಅದೇ ವರ್ಷ ನಮ್ಮ ಹಳೆ ಫೋನ್ ಕೈಕೊಟ್ಟು ಹೊಸದು ತಂದೆವು. ಮೆಮರಿ ಕಾರ್ಡ್ ಹಾಕಿದೆವು, ಆ್ಯಪ್ ತೆರೆಯಲೇ ಇಲ್ಲ. ಆರು ವರ್ಷದ ಗುರುತುಗಳು ಹೋದವೇ ಎಂದು ಎದೆ ಧಸಕ್ಕೆಂದಿತು. ಸಾಂಗಲಿಯಲ್ಲಿ ಎಂಜಿನಿಯರಿಂಗ್ ಓದುವ ನಮ್ಮ ಶಾಲೆಯ ಹಳೆ ಹುಡುಗನೊಬ್ಬ ಕುಳಿತು ತಿಳಿಸಿ ಹೇಳಿದ. ಅವನಿಂದ ಕಲಿತದ್ದು ಇಷ್ಟು.

ಒಂದು, ಫೋನಿನ ಮಿದುಳು ಬದಲಾಗಿದೆ. ಮೊದಲಿನವು 32 ಬಿಟ್, ಈಗಿನವು 64 ಬಿಟ್. 2019ರ ಆಗಸ್ಟಿನಿಂದ ಗೂಗಲ್ ತನ್ನ ಅಂಗಡಿಯ ಆ್ಯಪ್‌ಗಳಿಗೆ 64 ಬಿಟ್ ಕಡ್ಡಾಯ ಮಾಡುತ್ತ ಬಂತು. ಬರೆದವರು ಕೈಬಿಟ್ಟ ಆ್ಯಪ್‌ಗಳು ಅಲ್ಲಿಯೇ ನಿಂತವು.

ಎರಡು, ಬೀಗದ ಕೈ ಬದಲಾಗಿದೆ. ಮೊದಲು ಯಾವ ಆ್ಯಪ್ ಆದರೂ ಮೆಮರಿ ಕಾರ್ಡಿನ ಎಲ್ಲ ಕೋಣೆಗೂ ಹೋಗಬಹುದಿತ್ತು. 2020ರ ಆಂಡ್ರಾಯ್ಡ್ 11ರಿಂದ ಪ್ರತಿ ಆ್ಯಪ್‌ಗೆ ಅದರದೇ ಕೋಣೆ. ನಮ್ಮ ಸುರಕ್ಷತೆಗೆ ಇದು ಒಳ್ಳೆಯದೇ. ಆದರೆ ಕಾರ್ಡಿನಲ್ಲಿ ನಕಾಶೆ ಇಟ್ಟುಕೊಂಡಿದ್ದ ಹಳೆ ಆ್ಯಪ್‌ಗಳಿಗೆ ತಮ್ಮ ನಕಾಶೆಯೇ ಸಿಗದಾಯಿತು. ನಾನು ಎಲ್ಲಿದ್ದೇನೆ ಎಂದು ತಿಳಿಯಲೂ ಆ್ಯಪ್ ಈಗ ಬಳಸುವವರ ಒಪ್ಪಿಗೆ ಕೇಳಬೇಕು.

ಮೂರು, ಅಕ್ಷರದ ಮಾತು. ಆಂಡ್ರಾಯ್ಡ್ ಫೋನಿಗೆ ಕನ್ನಡ ಅಕ್ಷರ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಹೀಗಾಗಿ ಹಳೆ ಆ್ಯಪ್‌ಗಳಲ್ಲಿ ಹೆಚ್ಚಿನವು ಊರ ಹೆಸರನ್ನು ಇಂಗ್ಲಿಷಿನಲ್ಲೇ ಇಟ್ಟವು.

ನಾಲ್ಕು, ಎಲ್ಲಕ್ಕೂ ಮುಖ್ಯವಾದದ್ದು. ಗುರುತುಗಳನ್ನು ಯಾವ ರೂಪದಲ್ಲಿ ಉಳಿಸಿದ್ದೀರಿ? ಒಂದೇ ಕಂಪನಿಗೆ ಮಾತ್ರ ಓದಲು ಬರುವ ರೂಪವಾದರೆ ಕಂಪನಿ ಮುಚ್ಚಿದ ದಿನ ಅವೂ ಮುಚ್ಚಿದವು. ಜಿಪಿಎಕ್ಸ್, ಕೆಎಂಎಲ್ ಎಂಬ ತೆರೆದ ರೂಪಗಳಿವೆ. ಅವನ್ನು ಬೇರೆ ಆ್ಯಪ್‌ಗಳೂ ಓದುತ್ತವೆ. ನಮ್ಮ ಪುಣ್ಯ, ಹಳೆ ಆ್ಯಪ್ ಗುರುತುಗಳನ್ನು ಜಿಪಿಎಕ್ಸ್‌ನಲ್ಲಿ ಇಟ್ಟಿತ್ತು. ಹುಡುಗ ಅವನ್ನು ತೆಗೆದು ಆರ್ಗ್ಯಾನಿಕ್ ಮ್ಯಾಪ್ಸ್‌ಗೆ ಹಾಕಿಕೊಟ್ಟ. ಅದೂ, ಓಸ್ಮ್‌ಆಂಡ್ ಎಂಬ ಇನ್ನೊಂದೂ, ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕಾಶೆಯನ್ನು ನೆಟ್ ಇಲ್ಲದೆ ತೋರಿಸುತ್ತವೆ. ಸಿಂಪ್ಯೂಟರಿನ ಮಾತು ಇಲ್ಲಿಯೂ ನಿಜವಾಯಿತು ನೋಡಿ. ಆ್ಯಪ್ ಸತ್ತಿತು, ಬರೆದದ್ದು ಉಳಿಯಿತು.

ಗಡಿಯಲ್ಲಿ ನಿಲ್ಲುವ ನಕಾಶೆ

ಇನ್ನು ನಮ್ಮ ಗಡಿಭಾಗದ ತೊಂದರೆ ಬೇರೆ. ಕರ್ನಾಟಕದಲ್ಲಿ ದೂರ ಸಂವೇದಿ ಅನ್ವಯಿಕ ಕೇಂದ್ರದವರು ಭೂಮಾಪನ ಇಲಾಖೆಯೊಂದಿಗೆ ಸೇರಿ ದಿಶಾಂಕ್ ಎಂಬ ಆ್ಯಪ್ ತಂದಿದ್ದಾರೆ. ಹೊಲದಲ್ಲಿ ನಿಂತರೆ ಸರ್ವೆ ನಂಬರ ಹೇಳುತ್ತದೆ. ಹಳೆಯ ಗ್ರಾಮ ನಕಾಶೆಗಳನ್ನು ಕಂಪ್ಯೂಟರಿಗೆ ಏರಿಸಿ ಉಪಗ್ರಹ ಚಿತ್ರದ ಮೇಲೆ ಕೂಡಿಸಿ ಮಾಡಿದ ದೊಡ್ಡ ಕೆಲಸ ಅದು. ಈ ಕಡೆ ಮಹಾರಾಷ್ಟ್ರದಲ್ಲಿ ಮಹಾಭೂನಕಾಶಾ ಇದೆ. ಅದರಲ್ಲಿ ಗಟ್ ನಂಬರ ಹಾಕಿದರೆ ಹೊಲದ ಆಕಾರ ಬರುತ್ತದೆ. ಎರಡೂ ಉಪಯೋಗದವೇ. ಆದರೆ ಮ್ಹೈಸಾಳದಿಂದ ಕಾಗವಾಡದ ಕಡೆ ನಡೆದರೆ ಒಂದು ನಕಾಶೆ ಮುಗಿಯುತ್ತದೆ, ಇನ್ನೊಂದು ಶುರುವಾಗುತ್ತದೆ. ಎರಡೂ ಕಡೆ ಹೊಲ ಇರುವ ಮನೆತನಗಳು ನಮ್ಮಲ್ಲಿ ಎಷ್ಟೋ. ಅವರಿಗೆ ಎರಡು ನಕಾಶೆ, ಎರಡು ಲಿಪಿ, ಎರಡು ತರಹದ ನಂಬರ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಈ ಕಡೆಯದು ತುಸು ಕಷ್ಟ, ಮರಾಠಿ ಓದಿದವರಿಗೆ ಆ ಕಡೆಯದು.

ಹೆಸರಿನ ವಿಷಯವೂ ಹಾಗೆಯೇ. 2021ರ ಜನೆವರಿಯಲ್ಲಿ ಗೂಗಲ್ ನಕಾಶೆಯಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಲ್ಲಿ ಜಾಗಗಳ ಹೆಸರು ತೋರಿಸುವ ವ್ಯವಸ್ಥೆ ಬಂತು. ಸಂತೋಷದ ಸಂಗತಿ. ಆದರೆ ಇಂಗ್ಲಿಷಿನಿಂದ ಯಂತ್ರ ಕನ್ನಡಕ್ಕೆ ತಿರುಗಿಸಿದಾಗ ಇಂಗ್ಲಿಷಿನಲ್ಲಿ ಇಲ್ಲದ್ದು ಎಲ್ಲಿಂದ ಬರಬೇಕು? ಅಲ್ಲಿ ಲಕಾರಕ್ಕೂ ಳಕಾರಕ್ಕೂ ಒಂದೇ ಅಕ್ಷರ. ನ, ಣ ಒಂದೇ. ಹ್ರಸ್ವ ದೀರ್ಘ ತಿಳಿಯುವುದಿಲ್ಲ. ಬಿಳೂರ, ಬೆಳಂಕಿ, ಮಾಡಗ್ಯಾಳ, ಸೋನ್ಯಾಳ... ಇವುಗಳ ಳಕಾರ ಹೋದರೆ ಆ ಊರ ಅಜ್ಜಿಗೆ ತನ್ನ ಊರೇ ಗುರುತು ಸಿಗುವುದಿಲ್ಲ. ಜತ್ತ ಎಂಬ ಒತ್ತಕ್ಷರವನ್ನು ಊರವರು ಹೇಳದೆ ಯಂತ್ರ ಬರೆಯಲಾರದು.

ಒಂದು ಒಳ್ಳೆಯ ಮಾತೂ ಇದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ನಕಾಶೆಯ ನಿಯಮಗಳನ್ನು ಸಡಿಲಿಸಿತು. ಭಾರತೀಯರು ನಕಾಶೆ ಮಾಡಲು ಮೊದಲಿನಂತೆ ಮುಂಚಿತ ಪರವಾನಗಿಗೆ ಅಲೆಯಬೇಕಿಲ್ಲ. ಹೀಗಾಗಿ ನಾವು ನಮ್ಮ ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಶನಿವಾರಗಳಲ್ಲಿ ಊರು ಸುತ್ತಿದೆವು. ಮಕ್ಕಳು ಹಿರಿಯರನ್ನು ಕೇಳಿ ಹಳ್ಳ, ಕೆರೆ, ಗುಡಿ, ವಸ್ತಿಗಳ ಹೆಸರು ವಹಿಯಲ್ಲಿ ಬರೆದುಕೊಂಡರು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದೇ ಜಾಗಕ್ಕೆ ಕನ್ನಡದ ಹೆಸರು ಬೇರೆ, ಮರಾಠಿಯ ಹೆಸರು ಬೇರೆ ಬರೆಯುವ ಅನುಕೂಲವಿದೆ. ಎರಡನ್ನೂ ಬರೆದೆವು. ಯಾವುದನ್ನೂ ಅಳಿಸಲಿಲ್ಲ. ಮರಾಠಿ ಶಾಲೆಯ ಗುರೂಜಿಯವರೂ ತಮ್ಮ ಮಕ್ಕಳೊಂದಿಗೆ ಬಂದರು. ಹೊಲದ ಗಡಿಗಳನ್ನು ಮಾತ್ರ ಮುಟ್ಟಲಿಲ್ಲ. ಅದು ನಮ್ಮ ಕೆಲಸವಲ್ಲ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು.

ಬಾವಿಯ ಕಥೆ ಏನಾಯಿತು?

ಮೊದಲು ಹೇಳಿದ ಹಳದಿ ಗೆರೆಯ ಗುಟ್ಟು ಈಗ ನಿಮಗೆ ತಿಳಿದಿರಬೇಕು. ಅದು ಹೊಸ ಗೆರೆಯಲ್ಲ. ಇಂಚಿಗೆ ಫರ್ಲಾಂಗಿನ ಹಳೆಯ ಕಾಗದದ ಗೆರೆ. ಟಾಕಿನ ದಪ್ಪದಲ್ಲೇ 4 ಮೀಟರ್. ಉಪಗ್ರಹ ಚಿತ್ರದ ಮೇಲೆ ಕೂಡಿಸುವಾಗ ಇನ್ನಷ್ಟು ಸರಿದಿರಬಹುದು. ಮೊಬೈಲಿನ ಜಿಪಿಎಸ್ ಬಯಲಿನಲ್ಲೂ ಸುಮಾರು 5 ಮೀಟರ್ ಆಚೀಚೆ. ಎಲ್ಲ ಕೂಡಿದರೆ 30 ಅಡಿ, ಒಂದು ಬಾವಿ ಪೂರ್ತಿ ಆಚೆಯಿಂದ ಈಚೆಗೆ ಬರಲು ಅಷ್ಟು ಸಾಕು! ಕಾಗದದ ಮೇಲಿದ್ದಾಗ ಅದನ್ನು ನೋಡಿ ಯಾರೂ ಕಲ್ಲು ಹುಗಿಯುತ್ತಿರಲಿಲ್ಲ. ಬೆರಳಿನಿಂದ ದೊಡ್ಡದು ಮಾಡಿ ನೋಡಬಹುದಾದ ಗಾಜಿನ ಮೇಲೆ ಬಂದ ಕೂಡಲೇ ಅದು ಇಂಚಿಂಚೂ ನಿಜವೆಂದು ನಾವೆಲ್ಲ ನಂಬಿದೆವು.

ಇಷ್ಟನ್ನು ಎರಡೂ ಮನೆಗೆ ಹೋಗಿ ಹೇಳಿದೆವು. "ಕಾಕಾ, ಅವತ್ತು ನಾವು ತಿಳೀಲಾರದ ಹೇಳಿದ್ವಿ, ನಮ್ಮದು ತಪ್ಪಾತು" ಎಂದೆವು. ಹಿರಿಯ ಮನೆತನದ ಅಣ್ಣಾರು ಚಹಾ ಕೊಟ್ಟರು. ಕಿರಿಯರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ಸರಕಾರಿ ಮೋಜಣಿನ ಮಾಡ್ಸೂಣ್ರಿ" ಎಂದರು. ಅರ್ಜಿ ಕೊಟ್ಟು, ಶುಲ್ಕ ತುಂಬಿ, ಕೆಲವು ತಿಂಗಳು ಕಾದ ಮೇಲೆ ಅಳೆಯುವವರು ಬಂದರು. ಈಗ ಸರಪಳಿಯಿಲ್ಲ, ಕೋಲಿನ ತುದಿಗೆ ರೋವರ್ ಎಂಬ ಯಂತ್ರ. ಸರ್ವೇಕ್ಷಣ ಇಲಾಖೆಯ ನೆಲಕೇಂದ್ರಗಳಿಂದ ತಿದ್ದುಪಡಿ ಪಡೆದು ಅದು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತದಂತೆ. ಆದರೂ ಅವರು ಬಂದು ಕೇಳಿದ ಮೊದಲ ಪ್ರಶ್ನೆ, "ಹಳೆಯ ಗಡಿಕಲ್ಲು ಎಲ್ಲಿದೆ?"

ಜಾಲಿಕಂಟಿಯ ಬುಡದಲ್ಲಿ ಅಗೆದಾಗ ಕಲ್ಲು ಸಿಕ್ಕಿತು. ಅಲ್ಲಿಂದ ಅಳೆದರು. ಬಾವಿ ಇದ್ದಲ್ಲೇ ಉಳಿಯಿತು, ಹಿರಿಯರ ಪಾಲಿನಲ್ಲಿ. ಆದರೆ ಬಾಂದು ವರ್ಷ ವರ್ಷ ನೇಗಿಲಿಗೆ ಸವೆದು ಎರಡು ಅಡಿಯಷ್ಟು ಕಿರಿಯರ ಹೊಲದೊಳಗೆ ಸರಿದಿತ್ತು. ಹಿರಿಯರು ಎರಡು ಅಡಿ ಬಿಟ್ಟುಕೊಟ್ಟರು. ಇಬ್ಬರೂ ಈಗಲೂ ಹೆಚ್ಚು ಮಾತಾಡುವುದಿಲ್ಲ. ನೀರಿನ ಪಾಳಿ ಮಾತ್ರ ಶುರುವಾಗಿದೆ, ಮಕ್ಕಳು ಮತ್ತೆ ಜೊತೆಗೆ ಕೂಡುತ್ತಿದ್ದಾರೆ.

ಮಿತ್ರರೇ, ಎರಡು ನೂರು ವರ್ಷಗಳಲ್ಲಿ ನಮ್ಮ ನಕಾಶೆ ಸರಪಳಿಯಿಂದ ಕಾಗದಕ್ಕೆ, ಕಾಗದದಿಂದ ಕಂಪ್ಯೂಟರಿಗೆ, ಅಲ್ಲಿಂದ ಅಂಗೈಗೆ ಬಂದಿದೆ. ಇನ್ನು ಹತ್ತು ವರ್ಷಕ್ಕೆ ಈ ಫೋನುಗಳೂ ಹಳತಾಗುತ್ತವೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಏನಾದರೂ ಉದುರಿ ಬೀಳುತ್ತದೆ. ಒಮ್ಮೆ ಹೊಲದ ಹೆಸರು, ಒಮ್ಮೆ ಹಳೆಯ ನಂಬರ, ಒಮ್ಮೆ ನೂರು ಮೀಟರ್ ನೆಲ, ಒಮ್ಮೆ ಒಂದು ಳಕಾರ. ಉದುರಿದ್ದನ್ನು ಎತ್ತಿ ಇಡಲು ನೆಲದ ಮೇಲೆ ನಡೆದು, ಹಿರಿಯರನ್ನು ಕೇಳಿ, ಬರೆದಿಡುವವರು ಬೇಕು. ನಿಮ್ಮ ಊರಲ್ಲಿ ಎಂಬತ್ತು ದಾಟಿದ ಅಜ್ಜ ಅಜ್ಜಿಯರಿದ್ದರೆ ಈ ರವಿವಾರವೇ ಒಂದು ವಹಿ ಹಿಡಿದು ಅವರ ಹತ್ತಿರ ಕುಳಿತುಕೊಳ್ಳಿ. ಹೊಲದ ಹೆಸರಿನಿಂದ ಶುರು ಮಾಡಿ. ಮತ್ತೆ ಬಾಂದಿನ ತಂಟೆ ತಂದು ಯಾರಾದರೂ ಮೊಬೈಲ್ ಮುಂದೆ ಹಿಡಿದರೆ, ನಮ್ಮಂತೆ ಕನ್ನಡಕ ಏರಿಸಿ ತೀರ್ಪು ಕೊಡಬೇಡಿ. ಗಡಿಕಲ್ಲು ಎಲ್ಲಿದೆ ಎಂದು ಕೇಳಿ.